ಸ್ವರಕ್ಕೆ ಉಸಿರು ಬೇಡವೇ?

ಶಿವನಿಯಂಥ ಊರುಗಳ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರನ್ನು ಗಮನಿಸಿದವರಿಗೆ ಇದು ತಿಳಿದ ಮಾತು: ಬಲಗೈ ಸ್ವರವನ್ನು ನುಡಿಸಿದರೆ, ತಿದಿಯೊತ್ತುವ ಎಡಗೈ ಅದಕ್ಕೆ ಉಸಿರು ಕೊಡುತ್ತದೆ. ಹಾಡುವವರ ದನಿ ತಗ್ಗಿದರೆ ತಿದಿಯೂ ತಗ್ಗುತ್ತದೆ.

ಈಗ ಆ ಸ್ಥಾನಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ಒಂದೊಂದು ವಾದ್ಯದ ಪಾಲನ್ನೂ ಅದರಲ್ಲಿ ಮೊದಲೇ ಮುದ್ರಿಸಿಟ್ಟು, ವೇದಿಕೆಯಲ್ಲಿ ಗುಂಡಿಯೊತ್ತಿ ಹಾಡುವುದುಂಟು. ಇದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮುದ್ರಿಕೆಯು ಮೊದಲಿನಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿ ಮೊರೆದರೆ ಹಾಡಿನ ಭಾವ ಸತ್ತೇಹೋಗುತ್ತದೆ. ಎಳೆಯ ಕಂಠದ ಹಾಡುಗಾರ್ತಿ ಅರಚಬೇಕಾಗುತ್ತದೆ.

ದೋಷ ಯಂತ್ರದ್ದಲ್ಲ. 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಪದ್ಧತಿಯು ಪ್ರತಿ ಸ್ವರವನ್ನೂ ಎಷ್ಟು ಬಿರುಸಾಗಿ ಒತ್ತಿದೆವೆಂಬುದನ್ನು 1ರಿಂದ 127ರವರೆಗಿನ ಅಂಕೆಯಾಗಿ ಗುರುತಿಸುತ್ತದೆ. ಮುದ್ರಿಸಿದ ಮೇಲೂ ಆ ಅಂಕೆಗಳನ್ನು ತಿದ್ದಬಹುದು. 11ನೆಯ ನಿಯಂತ್ರಕದಿಂದ, ಹಿಡಿದ ಸ್ವರವನ್ನೇ ಮೆಲ್ಲನೆ ಹಿಗ್ಗಿಸಿ ಕುಗ್ಗಿಸಬಹುದು. ಒಟ್ಟು ಶಬ್ದವನ್ನು ಹೆಚ್ಚಿಸುವುದು ಇದಕ್ಕೆ ಬದಲಾಗದು. ಅದು ಮೆಲುದನಿಯನ್ನೂ ಗಟ್ಟಿದನಿಯನ್ನೂ ಒಟ್ಟಿಗೇ ಏರಿಸುತ್ತದೆ.

ಆದ್ದರಿಂದ, ಮಿತ್ರರೆ, ವಾರ್ಷಿಕೋತ್ಸವಕ್ಕೆ ಮುದ್ರಿಕೆ ಸಿದ್ಧಪಡಿಸುವವರು ಸ್ವರ ಕೂಡಿಸಿದೊಡನೆ ಕೆಲಸ ಮುಗಿಯಿತೆಂದು ಏಳಬಾರದು. ಹಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ದನಿ ತಗ್ಗುವಲ್ಲಿ ವಾದ್ಯವನ್ನೂ ತಗ್ಗಿಸಬೇಕು. ಹಾಡಿಗೆ ದಾರಿ ಬಿಡುವುದೇ ಪಕ್ಕವಾದ್ಯದ ಧರ್ಮ.