ಫ್ಯಾನು ಯಾರದು, ರಿಪೇರಿ ಯಾರದು?



ಸಂಘಕ್ಕೆ ಬರುವ ಮುಂಚೆ ಅಬಿಡ್ಸಿನ ಹೋಟೆಲೊಂದರಲ್ಲಿ ನಾನಿದ್ದೆ. ಮಹಡಿಯ ತಗಡಿನ ಕೋಣೆಯಲ್ಲಿ ಏಳು ಮಂದಿಗೆ ಒಂದೇ ಫ್ಯಾನು. ಹಾಕಿದರೆ ರಾತ್ರಿಯಿಡೀ ಕಟಕಟ. ನಿಲ್ಲಿಸಿದರೆ ಏಪ್ರಿಲಿನ ಧಗೆ. ಬೆಳಗಿನ 4 ಗಂಟೆಗೆ ಇಡ್ಲಿ ಒಲೆ ಹಚ್ಚುವವನು ಯಾವುದನ್ನು ಆರಿಸಿಕೊಳ್ಳಬೇಕು?

ಮೊದಲ ಮಿಸ್ತ್ರಿ ಎಣ್ಣೆ ಬಿಟ್ಟು ಹೋದ. ಮೂರು ದಿನ ತೆಪ್ಪಗಿತ್ತು. ಎರಡನೆಯವನು ಕಂಡೆನ್ಸರ್ ಬದಲಿಸಿದ. ಗಾಳಿ ಹೆಚ್ಚಿತು, ಸದ್ದೂ ಹೆಚ್ಚಿತು! ಕಂಡೆನ್ಸರ್ ಸೋತರೆ ಫ್ಯಾನು ನಿಧಾನವಾದೀತೇ ಹೊರತು ಕಟಗುಟ್ಟದು ಎಂಬುದು ನಮಗೆ ತಿಳಿದದ್ದು ದುಡ್ಡು ಕೊಟ್ಟ ಮೇಲೆ. ದೋಷವಿದ್ದುದು ಸವೆದ ಬೇರಿಂಗಿನಲ್ಲಿ, ಕೊಕ್ಕೆಯ ಬಳಿ ಒಣಗಿ ಒಡೆದ ರಬ್ಬರಿನಲ್ಲಿ. ಎರಡೂ ಹತ್ತಿರದ ಟ್ರೂಪ್ ಬಜಾರಿನಲ್ಲಿ ಸಿಗುವ ಸಾಮಾನು.

ಧಣಿಗಳು ಏನೆಂದರು? "ಗಾಳಿ ತಿನ್ನುವವರು ನೀವು, ರಿಪೇರಿಯೂ ನಿಮ್ಮದೇ." ಎರಡು ಸಲದ ಖರ್ಚನ್ನೂ ಸಂಬಳದಲ್ಲಿ ಮುರಿದುಕೊಂಡರು. ಕೆಳಗೆ ಗಿರಾಕಿಯ ತಲೆಯ ಮೇಲಿನ ಫ್ಯಾನು ಒಮ್ಮೆ ಕುಂಯ್ ಎಂದರೆ ಅರ್ಧ ಗಂಟೆಯಲ್ಲಿ ಏಣಿ ಬರುತ್ತಿತ್ತು! ನಿದ್ದೆಗೆಟ್ಟ ನಮ್ಮ ಕೈ ಬಾಣಲೆಯ ಮುಂದೆ ನಡುಗಿದರೆ ಮಾತ್ರ, ಅದು ನಮ್ಮ ಸೋಮಾರಿತನವಂತೆ.

ಮನಸ್ಸಿಗೆ ಬಂದಂತೆ ಸಂಬಳ ಮುರಿಯಬಾರದೆಂದು 1936ರ ವೇತನ ಪಾವತಿ ಕಾನೂನೇ ಹೇಳಿತ್ತು. ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದ ಧಣಿಗಳು ಹೇಳುತ್ತಾರೆಯೇ?

ಕಡೆಗೆ ಒಂದು ಮಧ್ಯಾಹ್ನ ಏಳು ಜನವೂ ಏಪ್ರನ್ ಬಿಚ್ಚಿ ಗಲ್ಲಾದ ಮುಂದೆ ನಿಂತೆವು. ಸಂಜೆಯೊಳಗೆ ಬೇರಿಂಗೂ ಬಂತು, ರಬ್ಬರೂ ಬಂತು. ಮುರಿದುಕೊಂಡ ಹಣ ಇಂದಿಗೂ ಬಂದಿಲ್ಲ.