‘ಅಕ್ಕ, ಸ್ಟೇ ಫ್ರೀ ತಾನೇ?’

ಭಾಗ 1

ಮೂರು ದೇಶದ ಗಡಿ ಸೇರೋ ಕಲ್ಲಿನ ಪಕ್ಕ ನಿಂತಿರೋ ಫೋಟೋ ಹಾಕಿದ ಮೇಲೆ ನನಗೆ ವಿಶ್‌ಗಿಂತ ಜಾಸ್ತಿ ಬಂದಿದ್ದು ಒಂದು ಪ್ರಶ್ನೆ. ‘ಅಕ್ಕ, ಫ್ರೆಂಡ್ ಅಲ್ಲೇ ಇದ್ದಾರಲ್ಲ, ಸ್ಟೇ ಫ್ರೀ ತಾನೇ?’ ಜೂನಿಯರ್ಸ್ ಕೇಳಿದ್ರು, ಕ್ಲಾಸ್‌ಮೇಟ್ಸೂ ಕೇಳಿದ್ರು. ಒಬ್ಬಳಂತೂ ನಮ್ಮ ಬ್ಯಾಚ್‌ನಲ್ಲಿ ಯಾರ್ಯಾರು ಯಾವ್ಯಾವ ದೇಶದಲ್ಲಿದ್ದಾರೆ ಅಂತ ಪಟ್ಟಿನೇ ಮಾಡಿಟ್ಟಿದ್ದಾಳೆ, ಮುಂದಿನ ಬರ್ತ್‌ಡೇ ಎಲ್ಲಿ ಅಂತ ಡಿಸೈಡ್ ಮಾಡೋಕೆ. ಒಬ್ಬೊಬ್ಬರಿಗೇ ಉತ್ತರ ಕೊಡೋ ಬದಲು ಇಲ್ಲೇ ಬರೀತೀನಿ. ಉದ್ದ ಇದೆ, ಐದಾರು ಪೋಸ್ಟ್ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮೊದಲಿಗೇ ಹೇಳಿಬಿಡ್ತೀನಿ: ಫ್ರೀ ಅಲ್ಲ. ನೀವು ದುಡ್ಡು ಕೊಡ್ತಿಲ್ಲ ಅಂದ್ರೆ ಬೇರೆ ಯಾರೋ ಕೊಡ್ತಿದ್ದಾರೆ ಅಂತ ಅರ್ಥ. ಮತ್ತೆ ಆ ‘ಯಾರೋ’ ಹೆಚ್ಚಾಗಿ ನಮ್ಮ ವಯಸ್ಸಿನವರೇ, ಅಪ್ಪನ ತಲೆ ಮೇಲೆ ಎಜುಕೇಶನ್ ಲೋನ್ ಇಟ್ಟು ಹೋಗಿರೋರು.

ನಾನು ಹೋಗಿದ್ದು ಜರ್ಮನಿಯ ಪಶ್ಚಿಮದ ತುದಿಯಲ್ಲಿರೋ ಆಖನ್ ಅನ್ನೋ ಊರಿಗೆ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದೋರು ‘ಆಚೆನ್’ ಅಂತ ಓದ್ತಾರೆ. ನನ್ನ ಫ್ರೆಂಡ್ ಅಪ್ಪ ಇವತ್ತಿಗೂ ‘ಮಗಳು ಆಚೆಯಲ್ಲಿದ್ದಾಳೆ’ ಅಂತಲೇ ಹೇಳೋದು, ಅದೇ ಸರಿ ಅನ್ಸುತ್ತೆ ಒಂದೊಂದ್ಸಲ. ಅಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿ ದೊಡ್ಡ ಹೆಸರು. ನಮ್ಮ ಕಡೆ ಹುಡುಗ ಹುಡುಗೀರು ಮಾಸ್ಟರ್ಸ್ ಮಾಡೋಕೆ ತುಂಬ ಜನ ಹೋಗ್ತಾರೆ. ಇವಳೂ ಅದಕ್ಕೇ ಹೋಗಿದ್ದು. ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಅವಳ ಮನೆ. ಇಲ್ಲಿ ಬರೆದಿರೋದನ್ನೆಲ್ಲ ಅವಳು ಮೊದಲೇ ಓದಿದ್ದಾಳೆ, ‘ಹಾಕು ಕಣೇ, ನಾಲ್ಕು ಜನಕ್ಕೆ ಗೊತ್ತಾಗ್ಲಿ’ ಅಂದಿದ್ದಾಳೆ.

ಭಾಗ 2

ಲೆಕ್ಕ ಮೊದಲು ಮುಗಿಸ್ತೀನಿ, ಯಾಕಂದ್ರೆ ರೀಲ್‌ನಲ್ಲಿ ಇದು ಬರಲ್ಲ.

ಜರ್ಮನಿಗೆ ಓದೋಕೆ ಹೋಗೋರು ಒಂದು ವರ್ಷದ ಖರ್ಚಿಗೆ ಅಂತ 11,904 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಟ್ಟು ತೋರಿಸ್ಬೇಕು. ಅದರಲ್ಲಿ ತಿಂಗಳಿಗೆ ಕೈಗೆ ಸಿಗೋದು 992. ಒಂದು ಯೂರೋ ಹತ್ತಿರ ಹತ್ತಿರ ನೂರು ರೂಪಾಯಿ ಅಂತ ಇಟ್ಕೊಂಡ್ರೆ ಲಕ್ಷ ಅನ್ಸುತ್ತೆ, ಅಮ್ಮಂದಿರು ‘ಅಯ್ಯೋ ತಿಂಗಳಿಗೆ ಲಕ್ಷನಾ!’ ಅಂತಾರೆ. ಅವಳ ರೂಮ್ ಬಾಡಿಗೆ 380. ಹೆಲ್ತ್ ಇನ್ಶೂರೆನ್ಸ್ ಕಡ್ಡಾಯ, ಅದಕ್ಕೇ 140ರ ಮೇಲೆ. ಉಳಿದಿದ್ದರಲ್ಲಿ ಊಟ, ಫೋನು, ಚಳಿಗಾಲದ ಬೂಟು, ಪುಸ್ತಕ ಎಲ್ಲ. ಅದಕ್ಕೆ ಪಾರ್ಟ್‌ಟೈಮ್ ಕೆಲಸ. ಸ್ಟೂಡೆಂಟ್ ವೀಸಾದಲ್ಲಿರೋರು ವರ್ಷಕ್ಕೆ 140 ಪೂರ್ತಿ ದಿನ, ಇಲ್ಲಾಂದ್ರೆ 280 ಅರ್ಧ ದಿನ ಕೆಲಸ ಮಾಡಬಹುದು. ಇವಳು ಒಂದು ಗೋಡೌನ್‌ನಲ್ಲಿ ಪಾರ್ಸೆಲ್ ಜೋಡಿಸ್ತಾಳೆ, ನಿಂತ್ಕೊಂಡೇ.

2025ರಲ್ಲಿ ಅಲ್ಲಿ ಗಂಟೆಗೆ ಕನಿಷ್ಠ ಕೂಲಿ 12.82 ಯೂರೋ. ನಾವಿಬ್ಬರು ಒಂದು ಸಾಧಾರಣ ರೆಸ್ಟೋರೆಂಟ್‌ನಲ್ಲಿ ಕೂತು 40 ಯೂರೋ ಬಿಲ್ ಮಾಡಿದ್ವಿ ಅಂತ ಅಂದ್ಕೊಳ್ಳಿ. ‘ನಿನ್ನ ಬರ್ತ್‌ಡೇ ಕಣೇ, ಇವತ್ತು ನಾನು ಕೊಡ್ತೀನಿ’ ಅಂತ ಅವಳು ಕಾರ್ಡ್ ತೆಗೆದ್ರೆ ಅದು ಮೂರು ಗಂಟೆಗಿಂತ ಜಾಸ್ತಿ ಹೊತ್ತು ನಿಂತ್ಕೊಂಡು ಪಾರ್ಸೆಲ್ ಎತ್ತಿದ ದುಡ್ಡು. ಏರ್‌ಪೋರ್ಟ್‌ಗೆ ಬರೋಕೆ ಒಂದು ಶಿಫ್ಟ್ ಬಿಟ್ರೆ ಅದೂ ಹೋಯ್ತು. ಇಷ್ಟಾದ್ರೂ ಅವಳು ಬಾಯಿ ಬಿಟ್ಟು ಹೇಳಲ್ಲ, ಯಾಕಂದ್ರೆ ನಮ್ಮೂರಲ್ಲಿ ಮನೆಗೆ ಬಂದೋರ ಹತ್ತಿರ ಹಾಗೆಲ್ಲ ಹೇಳಲ್ಲ. ಆ ಮರ್ಯಾದೆನೇ ‘ಸ್ಟೇ ಫ್ರೀ’ ಅನ್ನೋರಿಗೆ ಲಾಭ ಆಗ್ತಿರೋದು. ಇದು ನನಗೆ ಸಿಟ್ಟು ಬರಿಸೋ ವಿಷಯ.

ನನ್ನ ಖರ್ಚೂ ಕೇಳಿದ್ರಿ. ಒಂದು ವರ್ಷ ಕೆಲಸ ಮಾಡಿ ಉಳಿಸಿದ್ದು. ಟಿಕೆಟ್, ಷೆಂಗೆನ್ ವೀಸಾ ಫೀಸ್ 90 ಯೂರೋ, ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್, ಬೆಂಗಳೂರಿಗೆ ಎರಡು ಓಡಾಟ, ಎಲ್ಲ ಸೇರಿ ಲಕ್ಷ ದಾಟ್ತು. ಲೋನ್ ಆ್ಯಪ್‌ನಲ್ಲಿ ತಗೊಂಡು ಹೋಗೋ ಪ್ಲಾನ್ ಇರೋರಿಗೆ ನನ್ನ ಉತ್ತರ ಒಂದೇ ಪದ: ಬೇಡ.

ಭಾಗ 3

ಈಗ ಚೆನ್ನಾಗಿರೋ ವಿಷಯಕ್ಕೆ ಬರ್ತೀನಿ.

ನನ್ನ ಹುಟ್ಟಿದ ದಿನ ಜೂನ್ 15. (ಅಜ್ಜಿ ಪ್ರಕಾರ ಅಲ್ಲ. ಅವರ ಲೆಕ್ಕ ನಕ್ಷತ್ರದ್ದು, ಅದು ನಾನು ಫ್ಲೈಟ್ ಹತ್ತೋ ಮುಂಚೆನೇ ಆಗಿಹೋಗಿತ್ತು, ಎಣ್ಣೆ ನೀರೂ ಆಗಿತ್ತು.) ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಂದ್ರೆ ಮೈಸೂರಲ್ಲಿ ರಾತ್ರಿ ಹನ್ನೆರಡು ಆದಾಗ ಅಲ್ಲಿ ಇನ್ನೂ ಹದಿನಾಲ್ಕನೇ ತಾರೀಕು ಸಂಜೆ ಎಂಟೂವರೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ಒಂಬತ್ತು ಮುಕ್ಕಾಲು ಆದ್ಮೇಲೆ. ಹಾಗಾಗಿ ನೀವೆಲ್ಲ ಕತ್ತಲಲ್ಲಿ ಕೂತು ಫೋನಲ್ಲಿ ಕಿರುಚ್ತಿದ್ದಾಗ ನನ್ನ ಮುಖದ ಮೇಲೆ ಬಿಸಿಲಿತ್ತು.

ಅವಳ ಫ್ಲಾಟ್‌ನಲ್ಲಿ ಐದು ಜನ, ಒಂದೇ ಅಡುಗೆಮನೆ. ಅದರಲ್ಲೊಬ್ಬ ಜರ್ಮನ್ ಹುಡುಗ ಈ ಗಲಾಟೆ ಕೇಳಿ ಬಂದು ‘ಇವತ್ತಲ್ವಲ್ಲ?’ ಅಂದ. ಅಲ್ಲಿ ಹುಟ್ಟುಹಬ್ಬಕ್ಕೆ ಮುಂಚೆ ವಿಶ್ ಮಾಡೋದು ಅಪಶಕುನ. ನಾನು ಕೈ ಚಾಚಿದ್ರೂ ಕೊಡ್ಲಿಲ್ಲ. ಸರಿಯಾಗಿ ಹನ್ನೆರಡಕ್ಕೆ ಬಾಗಿಲು ತಟ್ಟಿ ವಿಶ್ ಮಾಡಿದ, ಅದೂ ಪಿಸುಮಾತಲ್ಲಿ, ಯಾಕಂದ್ರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಅಲ್ಲಿ ಮನೆಗಳಲ್ಲಿ ಗಲಾಟೆ ಮಾಡೋ ಹಾಗಿಲ್ಲ. ಮಧ್ಯರಾತ್ರಿ ರಸ್ತೆ ಮಧ್ಯೆ ಬೈಕ್ ಸೀಟ್ ಮೇಲೆ ಕೇಕ್ ಕಟ್ ಮಾಡಿ ಅರ್ಧ ಬೀದಿಯನ್ನ ಎಬ್ಬಿಸೋ ನಮ್ಮ ಹುಡುಗರನ್ನ ಆ ಊರಲ್ಲಿ ಒಂದು ವಾರ ಬಿಡಬೇಕು. ಅಮ್ಮ ಮಾತ್ರ ಎಂದಿನ ಹಾಗೆ ಬೆಳಿಗ್ಗೆ ಆರಕ್ಕೆ ಕಾಲ್ ಮಾಡಿದ್ರು, ಅಲ್ಲಿ ಎರಡೂವರೆ. ಒಟ್ಟು ಇಪ್ಪತ್ತೇಳೂವರೆ ಗಂಟೆ ಹುಟ್ಟುಹಬ್ಬ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ಪದ್ಧತಿ. ಅಲ್ಲಿ ಯಾರದು ಹುಟ್ಟುಹಬ್ಬವೋ ಅವರೇ ಕೇಕ್ ತರಬೇಕು. ಆಫೀಸಿಗೆ, ಕ್ಲಾಸಿಗೆ, ಲ್ಯಾಬಿಗೆ ಅವರೇ ತಂದಿಟ್ಟು ‘ತಿನ್ನಿ’ ಅನ್ಬೇಕು. ಪಾರ್ಟಿ ಕರೆದ್ರೆ ಖರ್ಚು ಅವರದೇ. ‘ನನಗೆ ಸರ್‌ಪ್ರೈಸ್ ಏನು ಪ್ಲಾನ್ ಮಾಡಿದ್ದೀರ’ ಅಂತ ಕಾಯ್ಕೊಂಡು ಕೂರೋ ಮಾತೇ ಇಲ್ಲ.

ವಿಚಿತ್ರ ಅನ್ಸುತ್ತಾ? ಸ್ಕೂಲಲ್ಲಿ ಕಲರ್ ಡ್ರೆಸ್ ಹಾಕ್ಕೊಂಡು ಚಾಕೊಲೇಟ್ ಡಬ್ಬಿ ಹಿಡ್ಕೊಂಡು ಕ್ಲಾಸ್ ಕ್ಲಾಸಿಗೆ ಹೋಗಿ ಹಂಚ್ತಿದ್ವಲ್ಲ, ಮಿಸ್‌ಗೆ ಎರಡು, ಬೆಸ್ಟ್ ಫ್ರೆಂಡ್‌ಗೆ ಗುಟ್ಟಾಗಿ ಇನ್ನೊಂದು. ಅದೂ ಅದೇ. ಹುಟ್ಟಿದೋರು ಕೊಡೋದು. ಕಾಲೇಜಿಗೆ ಬಂದ್ಮೇಲೆ ಎಲ್ಲಿ ಉಲ್ಟಾ ಆಯ್ತೋ.

ನಮ್ಮ ಮೈಸೂರಿನ ಅತಿ ದೊಡ್ಡ ಹುಟ್ಟುಹಬ್ಬನೂ ಹಾಗೇ ಅಲ್ವಾ? ಆಷಾಢ ಮಾಸದ ಕೃಷ್ಣಪಕ್ಷ ಸಪ್ತಮಿ, ಚಾಮುಂಡೇಶ್ವರಿ ವರ್ಧಂತಿ. ವರ್ಧಂತಿ ಅಂದ್ರೆ ಹುಟ್ಟಿದ ದಿನದ ಹಬ್ಬವೇ. ಅರಸರ ಕಾಲದಲ್ಲಿ ಮಹಾರಾಜರ ಹುಟ್ಟುಹಬ್ಬಕ್ಕೂ ಇದೇ ಹೆಸರು. ಬೆಟ್ಟದ ಮೇಲೆ ತಾಯಿಗೆ ಚಿನ್ನದ ಪಲ್ಲಕ್ಕಿ, ಕೆಳಗೆ ಊರಲ್ಲಿ ರಸ್ತೆ ರಸ್ತೆಗೂ ಪೆಂಡಾಲ್ ಹಾಕಿ ಬಿಸಿಬೇಳೆಬಾತ್, ಕೇಸರಿಬಾತ್, ಪುಳಿಯೋಗರೆ. ಆಟೋ ನಿಲ್ಲಿಸಿ ತಿಂತಾರೆ, ಆಫೀಸಿಗೆ ಹೋಗೋರು ತಿಂತಾರೆ, ಯಾರೂ ನೀನ್ಯಾರು ಅಂತ ಕೇಳಲ್ಲ. ಅವತ್ತು ಯಾರ ಬರ್ತ್‌ಡೇನೋ ಅವರ ಹೆಸರಲ್ಲಿ ದಾರೀಲಿ ಹೋಗೋರಿಗೆಲ್ಲ ಊಟ. ಇಂಥ ಊರಿಂದ ಹೋಗಿ ಫ್ರೆಂಡ್ ಮನೇಲಿ ಕೂತ್ಕೊಂಡು ‘ನನ್ನ ಡೇ, ನನ್ನನ್ನ ಸ್ಪೆಷಲ್ ಫೀಲ್ ಮಾಡಿಸು’ ಅನ್ನೋದು ಯಾವ ನ್ಯಾಯ?

ಭಾಗ 4

2025ರ ಜೂನ್ 15 ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ, ಸೂಪರ್‌ಮಾರ್ಕೆಟ್ ಸಮೇತ. ಇಲ್ಲಿಂದ ಹೋಗೋರು ಇದನ್ನ ಬೈಕೋತಾರೆ, ನನಗೆ ಮಾತ್ರ ಅದರಿಂದ ಒಳ್ಳೇದೇ ಆಯ್ತು. ಅವಳಿಗೆ ಶಿಫ್ಟ್ ಇಲ್ಲ, ಲ್ಯಾಬ್ ಇಲ್ಲ, ಹೊರಗೆ ಶಾಪಿಂಗ್ ಮಾಡೋಣ ಅನ್ನೋಕೂ ದಾರಿ ಇಲ್ಲ. ಶನಿವಾರವೇ ಎಲ್ಲ ತಂದಿಟ್ಟು, ಭಾನುವಾರ ಅವಳನ್ನ ಹತ್ತು ಗಂಟೆ ತನಕ ಮಲಗೋಕೆ ಬಿಟ್ಟು ನಾನು ಅಡುಗೆಗೆ ನಿಂತೆ. ನನ್ನ ಹುಟ್ಟುಹಬ್ಬಕ್ಕೆ ನಾನು ಅಂದ್ಕೊಂಡಿದ್ದ ಪ್ಲಾನ್ ಇಷ್ಟೇ.

ಏಳು ಜನಕ್ಕೆ ಬಿಸಿಬೇಳೆಬಾತ್, ಶಾವಿಗೆ ಪಾಯಸ. ಪುಡಿ ಅವಳ ಅಮ್ಮ ಕೊಟ್ಟು ಕಳಿಸಿದ್ದು. ಇಲ್ಲೊಂದು ಮಾತು, ಹೋಗೋರಿಗೆ ಉಪಯೋಗಕ್ಕೆ ಬರುತ್ತೆ: ಯುರೋಪಿಯನ್ ಯೂನಿಯನ್‌ಗೆ ಹೊರಗಿನ ದೇಶದಿಂದ ಹೋಗೋರು ಮಾಂಸ, ಹಾಲಿನ ಪದಾರ್ಥ ಲಗೇಜ್‌ನಲ್ಲಿ ಒಯ್ಯೋ ಹಾಗಿಲ್ಲ. ಆಂಟಿ ಮನೇಲಿ ಕಾಯಿಸಿದ ತುಪ್ಪದ ಬಾಟಲ್ ಇಟ್ಟಿದ್ರು, ಅದನ್ನ ತೆಗೆದಿಟ್ಟಾಗ ಮುಖ ಸಣ್ಣ ಮಾಡ್ಕೊಂಡ್ರು. ಹಸಿ ಕರಿಬೇವೂ ಅಷ್ಟೇ, ಸಸ್ಯಕ್ಕೆ ಸರ್ಟಿಫಿಕೇಟ್ ಬೇಕು. ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಆರಾಮಾಗಿ ಹೋದ್ವು.

ಒಗ್ಗರಣೆ ಹಾಕೋ ಮುಂಚೆ ಕಿಟಕಿ ಪೂರ್ತಿ ತೆಗೀಬೇಕು, ಇಲ್ಲಾಂದ್ರೆ ಹೊಗೆ ಅಲಾರಂ ಕೂಗುತ್ತೆ. ಸಾಸಿವೆ ಸಿಡಿದ ಸದ್ದಿಗೆ ಅವಳು ಎದ್ದು ಬಂದಳು. ಬಾಗಿಲಲ್ಲೇ ನಿಂತ್ಕೊಂಡು ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ‘ಇಂಗು ಜಾಸ್ತಿ ಹಾಕಿದ್ದೀಯ’ ಅಂದಳು. ನಿಜ, ಜಾಸ್ತಿನೇ ಆಗಿತ್ತು, ಯಾರೂ ತಲೆ ಕೆಡಿಸ್ಕೊಳ್ಲಿಲ್ಲ.

ಊಟಕ್ಕೆ ಮುಂಚೆ ಅವಳು ಪಾತ್ರೆ ಮುಚ್ಚಳದ ಮೇಲೆ ಎರಡು ಪುಟ್ಟ ಮೇಣದಬತ್ತಿ ಇಟ್ಕೊಂಡು ನನಗೆ ಆರತಿ ಮಾಡಿದಳು. ಫ್ಲಾಟ್‌ನವರು ಊದಿ ಆರಿಸು ಅಂತ ಕಾಯ್ತಿದ್ರು. ನಮ್ಮಲ್ಲಿ ದೀಪ ಆರಿಸಲ್ಲ, ಉರಿಯೋಕೆ ಬಿಡ್ತೀವಿ ಅಂತ ಅವಳು ಜರ್ಮನ್‌ನಲ್ಲಿ ವಿವರಿಸಿದಳು. ಅವಳು ಅಷ್ಟು ಚೆನ್ನಾಗಿ ಜರ್ಮನ್ ಮಾತಾಡ್ತಾಳೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಮಧ್ಯಾಹ್ನ ಬಸ್ಸಲ್ಲಿ ಗಡಿಗೆ ಹೋದ್ವಿ. ನೀವು ಲೈಕ್ ಮಾಡಿದ ಫೋಟೋ ಅಲ್ಲಿಯದು: ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಸೇರೋ ಜಾಗ. ಯುರೋಪಿನ ನೆಲದಲ್ಲಿರೋ ನೆದರ್ಲೆಂಡ್ಸ್‌ಗೆ ಅದೇ ಅತಿ ಎತ್ತರದ ಗುಡ್ಡ, 322 ಮೀಟರ್. ನಮ್ಮ ಮೈಸೂರು ಊರೇ 750 ಮೀಟರ್ ಮೇಲಿದೆ, ಚಾಮುಂಡಿ ಬೆಟ್ಟ ಸಾವಿರ ದಾಟುತ್ತೆ. ಇಬ್ಬರೂ ನಕ್ಕಿದ್ದು ಅದಕ್ಕೇ. ಊರ ಮಧ್ಯೆ ಹಳೇ ಕ್ಯಾಥೆಡ್ರಲ್ ಇದೆ, 1978ರಲ್ಲಿ ಯುನೆಸ್ಕೋ ಮಾಡಿದ ಮೊದಲ ಪಟ್ಟಿಯ 12 ಜಾಗಗಳಲ್ಲಿ ಅದೂ ಒಂದು. ಚೆನ್ನಾಗಿದೆ. ಫೋಟೋ ನೋಡ್ಕೊಳ್ಳಿ.

ಭಾಗ 5

ಹೊರಡೋ ಹಿಂದಿನ ದಿನ ಅವಳ ಅಮ್ಮ ನನ್ನ ಹತ್ತಿರ ಒಂದೇ ಕೆಲಸ ಹೇಳಿದ್ರು. ‘ವಿಡಿಯೋ ಕಾಲಲ್ಲಿ ಸರಿಯಾಗಿ ಗೊತ್ತಾಗಲ್ಲಮ್ಮ. ಸಣ್ಣಗಾಗಿದ್ದಾಳಾ, ನಿದ್ದೆ ಮಾಡ್ತಾಳಾ, ನೋಡ್ಕೊಂಡು ಬಾ.’

ನೋಡಿದೆ. ಫೆಬ್ರವರಿಯಲ್ಲಿ ಅವಳ ಹುಟ್ಟುಹಬ್ಬ ಹೇಗಾಯ್ತು ಅಂತ ಆ ರಾತ್ರಿ ಹೇಳಿದಳು. ಬೇಗ ಕತ್ತಲು, ಸಂಜೆ ಶಿಫ್ಟ್. ನಾನು ಮಾಡಿದ ಕಾಲ್, ಅವರಮ್ಮನ ಕಾಲ್ ಎಲ್ಲ ಲಾಕರ್ ಒಳಗೇ ರಿಂಗ್ ಆಗಿ ನಿಂತಿವೆ. ಮುಗಿಸಿ ಬಂದು ನೋಡಿದ್ರೆ ಎಷ್ಟೋ ಸ್ಟೋರಿಗಳಲ್ಲಿ ಟ್ಯಾಗ್, ಎಲ್ಲ ಹಳೇ ಫೋಟೋ, ಕುಕ್ಕರಹಳ್ಳಿ ಕೆರೆ, ಕಾಲೇಜ್ ಡೇ. ಎಲ್ಲದಕ್ಕೂ ಹಾರ್ಟ್ ಹಾಕಿ ಮಲಗಿದಳಂತೆ. ಲ್ಯಾಬಲ್ಲಿ ‘ಕೇಕ್ ಎಲ್ಲಿ’ ಅಂತ ಕೇಳ್ತಾರೆ ಅಂತ ಹುಟ್ಟುಹಬ್ಬ ಅನ್ನೋದನ್ನೇ ಹೇಳಿರ್ಲಿಲ್ಲ. ಕೇಕ್‌ಗೆ ದುಡ್ಡಿಲ್ಲ ಅಂತಲ್ಲ, ಮಾಡೋಕೆ ಟೈಮೂ ಇಲ್ಲ, ಮನಸ್ಸೂ ಇಲ್ಲ.

ವಾಪಸ್ ಬಂದು ಆಂಟಿಗೆ ‘ಚೆನ್ನಾಗಿದ್ದಾಳೆ ಆಂಟಿ, ಆದ್ರೆ ತುಂಬ ಸುಸ್ತಾಗಿದ್ದಾಳೆ’ ಅಂದೆ. ಎರಡೂ ನಿಜ. ಗೋಡೌನ್ ವಿಷಯ ಅವಳೇ ಆಮೇಲೆ ಮನೇಲಿ ಹೇಳಿದಳು. ಅವರಪ್ಪ ಒಂದು ದಿನ ಮಾತಾಡ್ಲಿಲ್ಲ, ಮರುದಿನ ಫೋನ್ ಮಾಡಿ ಒಳ್ಳೇ ಬೂಟು ತಗೋ ಅಂದ್ರಂತೆ.

ಅದಕ್ಕೇ ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ದುಡ್ಡಿದ್ರೆ ಖಂಡಿತ ಹೋಗಿ. ಫೋನಲ್ಲಿ ಆಡೋ ಕನ್ನಡ ಬೇರೆ, ಒಬ್ಬರು ಈರುಳ್ಳಿ ಹೆಚ್ತಾ ಇನ್ನೊಬ್ಬರು ಪಾತ್ರೆ ತೊಳೀತಾ ಆಡೋ ಕನ್ನಡ ಬೇರೆ. ಅವಳಿಗೆ ಆ ಎರಡನೇದು ಎಂಟು ತಿಂಗಳಿಂದ ಸಿಕ್ಕಿರ್ಲಿಲ್ಲ. ಆದ್ರೆ ತಾರೀಕು ನಿಮ್ಮ ಅನುಕೂಲಕ್ಕಲ್ಲ, ಅವರ ಎಕ್ಸಾಮ್, ಅವರ ಶಿಫ್ಟ್ ಕೇಳಿ ಇಟ್ಕೊಳ್ಳಿ. ನಿಮ್ಮ ಹುಟ್ಟುಹಬ್ಬ ಅದರ ಹಿಂದೆ ಮುಂದೆ ಆದ್ರೂ ಏನೂ ಆಗಲ್ಲ, ಅಜ್ಜಿ ಲೆಕ್ಕದಲ್ಲಿ ಹೆಂಗೂ ಬೇರೆ ದಿನ ತಾನೇ. ರೇಷನ್ ನೀವು ತನ್ನಿ. ಸಿಂಕ್ ಖಾಲಿ ಮಾಡಿ. ರೂಮ್ ಸಣ್ಣದಾಗಿದ್ರೆ ಮೂರು ದಿನಕ್ಕಿಂತ ಜಾಸ್ತಿ ಇರ್ಬೇಡಿ, ಹತ್ತಿರದ ಹಾಸ್ಟೆಲ್‌ನಲ್ಲಿ ಒಂದು ಬೆಡ್ ತಗೊಳ್ಳಿ. ಅವರು ಬೇಡ ಬೇಡ ಅಂತಾರೆ, ಕೇಳ್ಬೇಡಿ.

ದುಡ್ಡಿಲ್ವಾ? ಬೆಂಗಳೂರಿನ ಪಿಜಿಯಲ್ಲಿ ಒಬ್ಬರೇ ಇರೋ ಫ್ರೆಂಡ್ ಯಾರೂ ಇಲ್ವಾ ನಿಮಗೆ? ಮೂರು ಗಂಟೆ ರೈಲು. ಅಲ್ಲಿ ಫೋಟೋಗೆ ಗಡಿಕಲ್ಲು ಸಿಗಲ್ಲ ಅಷ್ಟೇ. ಡಬ್ಬಿ ಹಿಡ್ಕೊಂಡು ಹೋಗಿ ನೋಡಿ.

ಭಾಗ 6

ಕೊನೇದು, ಬರೀ ನಮ್ಮ ಬ್ಯಾಚ್‌ನವರಿಗೆ.

ಫೆಬ್ರವರಿ ಬರ್ತಿದೆ. ಚಳಿಗಾಲದಲ್ಲಿ ವ್ಯತ್ಯಾಸ ನಾಲ್ಕೂವರೆ ಗಂಟೆ, ಅಂದ್ರೆ ಅವಳ ಹನ್ನೆರಡು ನಮ್ಮ ಬೆಳಗಿನ ಜಾವ ನಾಲ್ಕೂವರೆ. ಆ ದಿನ ಶಿಫ್ಟ್ ಹಾಕಿಸ್ಕೋಬೇಡ ಅಂತ ಈಗಲೇ ಒಪ್ಪಿಸಿದ್ದೀನಿ. ಲ್ಯಾಬ್‌ಗೆ ಕೇಕ್ ಒಯ್ಯೋ ಖರ್ಚು ನಮ್ಮದು, ಫ್ಲಾಟ್‌ನ ಆ ಜರ್ಮನ್ ಹುಡುಗ ಬೇಕ್ ಮಾಡಿಕೊಡ್ತೀನಿ ಅಂದಿದ್ದಾನೆ. ಗ್ರೂಪ್ ಕಾಲ್‌ಗೆ ಸೇರೋರು ಕಾಮೆಂಟ್‌ನಲ್ಲಿ ಹೆಸರು ಹಾಕಿ. ಅಲಾರಂ ಇಡಿ, ಹಲ್ಲುಜ್ಜದೇ ಬಂದ್ರೂ ಪರವಾಗಿಲ್ಲ. ನಾಲ್ಕೂವರೆಗೆ ಒಂದು ನಿಮಿಷ ಮುಂಚೆನೂ ಯಾರೂ ವಿಶ್ ಮಾಡ್ಬೇಡಿ, ಅವನು ಪಕ್ಕದ ರೂಮಲ್ಲೇ ಇರ್ತಾನೆ.

#ಹುಟ್ಟುಹಬ್ಬ #ಮೈಸೂರು #ಆಚೆ