ತಪ್ಪು ಕೆಸರಿನ ಜೀವಿಯದ್ದಲ್ಲ

ಕಾಲುವೆ ನೀರು ಬಂದರೆ ನಮ್ಮ ಕಷ್ಟವೆಲ್ಲ ತೀರಿತು ಅಂತ ಖುಷ್ಕಿಯವರು ನಾವು ನಂಬಿಕೊಂಡಿದ್ದೇವೆ. ನೀರು ಬೇಕು, ಎರಡು ಮಾತಿಲ್ಲ. ಆದರೆ ಆ ನೀರು ಹೊಲದಿಂದ ಏನನ್ನು ಹೊತ್ತುಕೊಂಡು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ಸ್ಪೇನ್ ದೇಶದಲ್ಲಿ ಆದದ್ದನ್ನು ನೋಡಿ.

ಅಲ್ಲಿನ ಮುರ್ಸಿಯಾ ಸೀಮೆಯ ಕಡಲಂಚಿನಲ್ಲಿ ಮಾರ್ ಮೆನೋರ್ ಎಂಬ ಉಪ್ಪುನೀರಿನ ಸರೋವರ ಇದೆ. ವಿಸ್ತಾರ 135 ಚದರ ಕಿಲೋಮೀಟರು. ಕಡಲಿಗೂ ಅದಕ್ಕೂ ನಡುವೆ ಬರೀ ಮರಳಿನ ದಿಬ್ಬ. ಪಕ್ಕದ ಬಯಲು ನಮ್ಮ ಹೊಲಗಳಂತೆಯೇ ಹೆಚ್ಚಾಗಿ ಮಳೆ ನಂಬಿದ್ದು. 1979ರಲ್ಲಿ ದೂರದ ತಾಹೋ ನದಿಯ ನೀರು ಕಾಲುವೆಯಲ್ಲಿ ಬಂತು. ತರಕಾರಿ ಬೆಳೆ ಹೆಚ್ಚಿತು, ಗೊಬ್ಬರವೂ ಹೆಚ್ಚಿತು. ಬೆಳೆ ಹೀರದೆ ಬಿಟ್ಟ ನೈಟ್ರೇಟು ಬಸಿದು ಸರೋವರ ಸೇರಿತು. ಊರುಗಳ ಚರಂಡಿ ನೀರೂ ಸೇರಿತು. 2016ರಲ್ಲಿ ಪಾಚಿ ಬೆಳೆದು ನೀರೆಲ್ಲ ಹಸಿರಾಯಿತು. ಬಿಸಿಲು ತಳ ಮುಟ್ಟದೆ ಅಲ್ಲಿನ ಹುಲ್ಲು ಶೇ. 85ರಷ್ಟು ಸತ್ತಿತು.

ಸತ್ತದ್ದೆಲ್ಲ ಕೆಸರಿಗೆ ಬಿದ್ದು ಕೊಳೆಯುವಾಗ ಆಮ್ಲಜನಕ ಮುಗಿದುಹೋಗುತ್ತದೆ. ಆಮೇಲೆ ಉಪ್ಪು ತಡೆಯುವ ಒಂದು ಬಗೆಯ ಬ್ಯಾಕ್ಟೀರಿಯಾಗಳದ್ದೇ ಕಾರುಬಾರು. ಅವಕ್ಕೆ ಆಮ್ಲಜನಕ ಬೇಡ. ಕಡಲ ನೀರಿನ ಸಲ್ಫೇಟಿನಿಂದಲೇ ಬದುಕಿ, ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದ್ದೇ. ಕೆಸರಿನ ಕಬ್ಬಿಣ ಸ್ವಲ್ಪವನ್ನು ಹಿಡಿದಿಟ್ಟು ಕರ್ರಗಾಗುತ್ತದೆ. ಮಿಕ್ಕಿದ್ದು ನೀರಿಗೆ ಬಂದರೆ ಮೀನಿಗೂ ಹುಲ್ಲಿನ ಬೇರಿಗೂ ವಿಷ.

2019ರ ಸೆಪ್ಟೆಂಬರಿನಲ್ಲಿ ಭಾರೀ ಮಳೆಯಾಗಿ ಸಿಹಿನೀರು ಮೇಲೆ ನಿಂತಿತು, ತಳದ ಉಪ್ಪುನೀರಿಗೆ ಗಾಳಿ ಸಿಗಲಿಲ್ಲ. ಅಕ್ಟೋಬರಿನಲ್ಲಿ ಆ ತಳದ ನೀರು ದಡಕ್ಕೆ ಬಂದಾಗ ಟನ್ನುಗಟ್ಟಲೆ ಮೀನು ಸತ್ತವು. 2021ರ ಆಗಸ್ಟಿನಲ್ಲೂ ಮೀನು ಸತ್ತವು. 2022ರಲ್ಲಿ ಆ ಸರೋವರಕ್ಕೆ ಮನುಷ್ಯರಿಗಿರುವಂತೆ ಕಾನೂನಿನ ಹಕ್ಕು ಕೊಟ್ಟರು.

ಇದರಲ್ಲಿ ಬ್ಯಾಕ್ಟೀರಿಯಾದ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ. ಅದು ಕೆಸರಿನಲ್ಲಿ ಮೊದಲಿಂದಲೂ ಇದ್ದದ್ದೇ. ಅತಿಯಾಗಿ ಉಣ್ಣಲಿಕ್ಕಿದವರು ಮೇಲಿನವರು. ಅಲ್ಲಿನ ರೈತನೊಬ್ಬನನ್ನೇ ಬೈದೂ ಫಲವಿಲ್ಲ. ನೀರು ಕೊಟ್ಟವರು ಬಸಿಯುವ ನೀರಿನ ದಾರಿಯನ್ನು ನೋಡಬೇಕಿತ್ತು.

ಹಾಗಾಗಿ ನನ್ನ ಮಾತು ಇಷ್ಟೇ. ಕಾಲುವೆ ಕೇಳುವ ಊರಿನವರು ಬಸಿಗಾಲುವೆಯ ಲೆಕ್ಕವನ್ನೂ ಆಗಲೇ ಕೇಳಬೇಕು. ಯೂರಿಯಾವನ್ನು ಒಂದೇ ಸಲ ಎರಚದೆ ಬೆಳೆಗೆ ಬೇಕಾದಷ್ಟನ್ನು ಕಂತಿನಲ್ಲಿ ಕೊಡಬೇಕು. ಜಡಿಮಳೆಯ ಸೂಚನೆ ಇದ್ದಾಗ ಚೀಲ ಬಿಚ್ಚಬಾರದು. ಬದುವಿನ ಹುಲ್ಲು ಕೆತ್ತದೆ ಬಿಟ್ಟರೆ ಕೊಚ್ಚಿಹೋಗುವ ಮಣ್ಣು, ಗೊಬ್ಬರ ಒಂದಿಷ್ಟಾದರೂ ನಿಲ್ಲುತ್ತದೆ. ಹರಿದುಹೋಗುವ ಗೊಬ್ಬರಕ್ಕೂ ದುಡ್ಡು ಕೊಟ್ಟವರು ನಾವೇ ಅಲ್ಲವೇ?